ಮೂರು ದಿನದ ಶೇವಿಂಗ್ ಚೀಟಿ

ಸೇನೆಯ ಮೆಡಿಕಲ್ ರೂಮಿಗೆ ಡಾಕ್ಟರ್ ಆಗಿ ಸೇರಿದ ಹೊಸತು. ಒಬ್ಬ ಹುಡುಗ ಒಂದೇ ತಿಂಗಳಲ್ಲಿ ಮೂರು ಸಲ ಬಂದ. ಗದ್ದದ ಕೆಳಗೆ, ಕುತ್ತಿಗೆ ತುಂಬಾ ಕೆಂಪು ಗುಳ್ಳೆ. ಒಂದೆರಡು ಒಡೆದು ಕಾಲರಿಗೆ ರಕ್ತದ ಕಲೆ ಅಂಟಿತ್ತು. ಮೂರು ಸಲವೂ ಮುಲಾಮು ಕೊಟ್ಟು, 'ಮೂರು ದಿನ ಶೇವಿಂಗ್ ಬೇಡ' ಅಂತ ಚೀಟಿ ಬರೆದೆ.

ನಾಲ್ಕನೇ ಸಲ ನನ್ನ ಹಿರಿಯ ಡಾಕ್ಟರ್ ಪಕ್ಕದಲ್ಲಿದ್ದರು. ಭೂತಗನ್ನಡಿ ಕೈಗೆ ಕೊಟ್ಟು "ಸರಿಯಾಗಿ ನೋಡು" ಎಂದರು. ಕೂದಲೊಂದು ಹೊರಗೆ ಬಂದು, ಬಿಲ್ಲಿನ ಹಾಗೆ ಬಾಗಿ, ಮತ್ತೆ ಚರ್ಮಕ್ಕೇ ಚುಚ್ಚಿಕೊಂಡಿತ್ತು. ಅವರು ಸೂಜಿಯ ತುದಿಯನ್ನು ಅದರ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದರು. ಕೂದಲು ಬಿಡಿಸಿಕೊಂಡು ಮೇಲೆ ಬಂತು. ಶೇವ್ ಮಾಡಿದ ಕೂದಲಿನ ತುದಿ ಚೂಪು. ಗುಂಗುರು ಕೂದಲಿನವರಿಗೆ ಅದು ಮುಳ್ಳಿನಂತೆ ವಾಪಸ್ ನೆಟ್ಟುಕೊಳ್ಳುತ್ತದೆ. ಸೂಡೋಫಾಲಿಕ್ಯುಲೈಟಿಸ್ ಬಾರ್ಬೆ ಅಂತ ಅದರ ಹೆಸರು. ಮುಖ ತೊಳೆಯದ ಕೊಳಕಿನಿಂದ ಬರುವುದಲ್ಲ.

"ಗಡ್ಡ ದಿನಕ್ಕೆ ಎಷ್ಟು ಬೆಳೆಯುತ್ತೆ?" ಅಂತ ಕೇಳಿದರು. ಹೆಚ್ಚೂಕಮ್ಮಿ 0.4 ಮಿ.ಮೀ. ಮೂರು ದಿನಕ್ಕೆ 1 ಮಿ.ಮೀ. ಚಿಲ್ಲರೆ. ಲೆಕ್ಕ ಹಾಕುತ್ತಲೇ ನಾಚಿಕೆಯಾಯಿತು. ಹೊಕ್ಕ ಕೂದಲು ಉದ್ದವಾಗಿ ತಾನೇ ಚಿಮ್ಮಿ ಹೊರಬರಲು ಸುಮಾರು 4 ವಾರ ಬೇಕು. ನನ್ನ ಮೂರು ದಿನ ಕೂದಲು ಮತ್ತೆ ಚುಚ್ಚೋಕೆ ಮಾತ್ರ ಸಾಕಾಗುತ್ತಿತ್ತು. ನಾಲ್ಕನೇ ದಿನ ಆತ ಅದೇ ಗುಳ್ಳೆಗಳ ಮೇಲೆ ಬ್ಲೇಡ್ ಎಳೆಯುತ್ತಿದ್ದ.

ಈಗ ಚೀಟಿಯಲ್ಲಿ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ಎಷ್ಟು ವಾರ, ಆಮೇಲೆ ಟ್ರಿಮ್ಮರ್‌ನಲ್ಲಿ ಎಷ್ಟು ಉದ್ದ ಉಳಿಸಬೇಕು, ಮತ್ತೆ ಯಾವತ್ತು ನೋಡುತ್ತೇನೆ. ಸುಮ್ನೆ 'ಶೇವಿಂಗ್ ಬೇಡ' ಅಂತ ಬರೆದರೆ ಪರೇಡ್‌ನಲ್ಲಿ ಆ ಹುಡುಗನೇ ಎಲ್ಲರಿಗೂ ಉತ್ತರ ಕೊಡಬೇಕು. ಗಡ್ಡ ಬಿಡೋಕೆ ನೆಪ ಅನ್ನುವವರು ಇದ್ದೇ ಇರುತ್ತಾರೆ, ಅಲ್ವಾ? ಮೊದಲ ವಾರ ಗುಳ್ಳೆ ಇನ್ನೂ ಜಾಸ್ತಿ ಆಗಬಹುದು ಅಂತಲೂ ಮೊದಲೇ ಹೇಳಿಬಿಡುತ್ತೇನೆ.

ಗ್ಯಾಸ್ ಮಾಸ್ಕ್ ಮಾತ್ರ ನಿಜವಾದ ತೊಡಕು. ರಬ್ಬರ್ ಅಂಚು ಕೂರುವ ಜಾಗದಲ್ಲಿ ಕೂದಲಿದ್ದರೆ ಗಾಳಿ ನುಸುಳುತ್ತದೆ. ಅದನ್ನು ಕಮಾಂಡರ್ ಜೊತೆ ಕೂತು ಮಾತಾಡಲೇಬೇಕು. ನಿಯಮಗಳೂ ಒಂದೇ ಕಡೆ ನಿಲ್ಲುವುದಿಲ್ಲ. ಅಮೆರಿಕದ ವಾಯುಪಡೆ 2020ರಲ್ಲಿ ಇಂಥವರಿಗೆ ಶೇವಿಂಗ್‌ನಿಂದ 5 ವರ್ಷದವರೆಗಿನ ವಿನಾಯಿತಿಗೆ ಒಪ್ಪಿತು. ಅಲ್ಲಿನ ಭೂಸೇನೆ 2025ರಲ್ಲಿ ಶಾಶ್ವತ ವಿನಾಯಿತಿಯನ್ನೇ ತೆಗೆದು, ಚಿಕಿತ್ಸೆಯ ಯೋಜನೆ ಬೇಕು ಎಂದಿತು. ಅಂಥ ಕಡೆ ನಾವು ಬರೆಯುವ ಒಂದೊಂದು ಸಾಲೂ ಒಬ್ಬನ ನೌಕರಿಯ ಪ್ರಶ್ನೆ.

ಆ ಹುಡುಗ ಐದನೇ ಸಲ ಬಂದಾಗ ಕುತ್ತಿಗೆಯಲ್ಲಿ ಕಪ್ಪು ಕಲೆ ಉಳಿದಿತ್ತು, ಗುಳ್ಳೆ ಇರಲಿಲ್ಲ. ಹೊಸ ಟ್ರಿಮ್ಮರ್ ತಂದಿದ್ದ. "ಎಷ್ಟನೇ ನಂಬರ್ ಇಡಲಿ ಸರ್?" ಅಂತ ಕೇಳಿದ.