ಗೇಟ್ ಮುಚ್ಚಬೇಕಾ, ಬೇಡವಾ

ತಿಪಟೂರು ಸೀಮೆಯ ನಮ್ಮೂರನ್ನು ರೈಲ್ವೆ ಹಳಿ ಎರಡು ಪಾಲು ಮಾಡಿದೆ. ಈ ಕಡೆ ಊರು, ಶಾಲೆ, ಹಾಲಿನ ಡೇರಿ. ಆ ಕಡೆ ಕೆರೆ, ರಾಗಿ ಹೊಲ, ತೆಂಗಿನ ತೋಟಗಳು, ಸ್ಮಶಾನ, ಜೊತೆಗೆ ಒಂದು ಸಣ್ಣ ಹಟ್ಟಿ. ನಡುವೆ ಒಂದು ಗೇಟ್. ಆ ಗೇಟ್ ಮುಚ್ಚಿ ಕೆಳಸೇತುವೆ ಮಾಡುತ್ತೇವೆ, ಪಂಚಾಯಿತಿಯ ಅಭಿಪ್ರಾಯ ತಿಳಿಸಿ ಅಂತ ಪತ್ರ ಬಂದಾಗ ನಾನು ಪಂಚಾಯಿತಿ ಸದಸ್ಯೆ. ಹಟ್ಟಿಯೂ ನನ್ನ ವಾರ್ಡಿಗೇ ಸೇರುತ್ತದೆ.

ಗೇಟ್ ಮುಚ್ಚಬೇಕಾದರೆ ರೈಲ್ವೆಯವರಿಗೆ ಜಿಲ್ಲಾಡಳಿತದ ಒಪ್ಪಿಗೆ ಬೇಕು. ಜಿಲ್ಲಾಧಿಕಾರಿ ಕಚೇರಿಯವರು ತಹಶೀಲ್ದಾರರನ್ನು ಕೇಳುತ್ತಾರೆ, ತಹಶೀಲ್ದಾರರು ನಮ್ಮನ್ನು ಕೇಳುತ್ತಾರೆ. ಬೆಳಿಗ್ಗೆ ಗೇಟಿನ ಹತ್ತಿರ ಜಂಟಿ ಪರಿಶೀಲನೆ, ಮಧ್ಯಾಹ್ನ ಗ್ರಾಮಸಭೆ. ಒಂದೇ ದಿನದಲ್ಲಿ ತೀರ್ಮಾನ ಆಗಬೇಕಿತ್ತು.

ರೈಲ್ವೆ ಎಂಜಿನಿಯರ್ ನಕ್ಷೆ ಹಿಡಿದುಕೊಂಡು ಬಂದಿದ್ದರು. ತಾಲೂಕು ಕಚೇರಿಯಿಂದ ಆರ್‌ಐ, ನಮ್ಮ ಪಿಡಿಒ, ಊರಿನ ಹಿರಿಯರು, ಹೆಂಗಸರು ಎಲ್ಲ ಸೇರಿದ್ದೆವು. ಮಾತು ಶುರುವಾಗುವ ಮೊದಲೇ ಗೇಟ್ ಬಿತ್ತು. ಒಂದು ಕಡೆ ಗೂಡ್ಸ್ ಹೋಯಿತು. ಗೇಟ್ ಏಳಲಿಲ್ಲ. ಇನ್ನೊಂದು ಹಳಿಯಲ್ಲಿ ಮತ್ತೊಂದು ರೈಲು ಬರುವುದಿತ್ತು. ಅಷ್ಟರಲ್ಲಿ ತಲೆ ಮೇಲೆ ಮೇವಿನ ಹೊರೆ ಹೊತ್ತ ಒಬ್ಬ ಅಜ್ಜಿ ಗೇಟಿನ ಕಂಬಿಯಡಿ ಬಗ್ಗಿ ಹೊರಟೇಬಿಟ್ಟರು. ಗೇಟ್‌ಮನ್ ವಿಷಲ್ ಊದಿ, ಓಡಿ ಹೋಗಿ ತಡೆದರು. ಎಲ್ಲ ನಮ್ಮ ಕಣ್ಣೆದುರೇ.

ಹಳಿ ಒಂದೇ ಇದ್ದಾಗ ರೈಲು ಹೋದ ಮೇಲೆ ದಾಟುವುದು ನಮ್ಮ ಕಡೆಯವರಿಗೆ ರೂಢಿ. ಈಗ ಜೋಡಿ ಹಳಿ. ಮೊದಲ ರೈಲಿನ ಸದ್ದಿನಲ್ಲಿ ಎದುರಿನಿಂದ ಬರುವ ಎರಡನೆಯದು ಕೇಳಿಸುವುದೇ ಇಲ್ಲ. ಕರೆಂಟ್ ಎಂಜಿನ್ ಬಂದ ಮೇಲೆ ಹಳೇ ಡೀಸೆಲ್ ಗುಡುಗೂ ಇಲ್ಲ. 2023ರಿಂದ ವಂದೇ ಭಾರತ್ ಬೇರೆ ಈ ದಾರಿಯಲ್ಲೇ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುತ್ತಿದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ರೈಲಿಗೆ ಬ್ರೇಕ್ ಹಾಕಿದರೆ ಅದು ನಿಲ್ಲುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಜ್ಜಿಯನ್ನು ಕಂಡು ಲೋಕೋ ಪೈಲಟ್ ಏನು ತಾನೇ ಮಾಡಲು ಸಾಧ್ಯ?

ನಾನು ಗೇಟ್‌ಮನ್ ಹತ್ತಿರ ಹೋಗಿ ಮಾತಾಡಿದೆ. "ನಮ್ಮ ಗೇಟ್ ಇಂಟರ್‌ಲಾಕ್ ಇದೆ ಮೇಡಂ. ಇದಕ್ಕೆ ಬೀಗ ಬೀಳೋವರೆಗೂ ರೈಲಿಗೆ ಸಿಗ್ನಲ್ ಸಿಗಲ್ಲ. ಅದರ ಭಯ ಇಲ್ಲ. ಕೆಳಗೆ ನುಗ್ಗೋರದ್ದೇ ಭಯ," ಅಂದರು. ಹಸಿರು, ಕೆಂಪು ಬಾವುಟ, ಕೈದೀಪ, ಡೆಟೋನೇಟರ್ ಡಬ್ಬಿ ಎಲ್ಲ ತೋರಿಸಿದರು. ಹಳಿ ಮೇಲೆ ಗಾಡಿ ಸಿಕ್ಕಿಕೊಂಡರೆ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಮೂರು ಡೆಟೋನೇಟರ್ ಇಟ್ಟು ಬರಬೇಕಂತೆ. ಚಕ್ರ ಹತ್ತಿದಾಗ ಅದು ಸಿಡಿದು ಲೋಕೋ ಪೈಲಟ್‌ಗೆ ಎಚ್ಚರಿಕೆ ಆಗುತ್ತದೆ. ಒಬ್ಬನೇ ಮನುಷ್ಯ, ಕತ್ತಲಲ್ಲಿ, ಎರಡು ಹಳಿ, ಎರಡು ದಿಕ್ಕು. ಊರಿನವರು ಗೇಟ್ ತಡವಾಯಿತು ಅಂತ ಈ ಮನುಷ್ಯನಿಗೇ ಬೈಯುವುದು. ನನಗೆ ಬಹಳ ಸಂಕಟವಾಯಿತು.

ಆಮೇಲೆ ಎಂಜಿನಿಯರ್ ಲೆಕ್ಕ ಹೇಳಿದರು. ಯಾವ ಗೇಟಿಗೆ ಏನು ಸಿಗಬೇಕು ಅನ್ನುವುದಕ್ಕೆ ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಅಂತ ಒಂದು ಅಳತೆ ಇದೆ. ದಿನಕ್ಕೆ ಓಡುವ ರೈಲುಗಳನ್ನು ದಾಟುವ ಗಾಡಿಗಳಿಂದ ಗುಣಿಸುತ್ತಾರೆ. 50 ರೈಲು, 400 ಗಾಡಿ ಅಂದರೆ 20,000. ಮೇಲ್ಸೇತುವೆಯ ಖರ್ಚನ್ನು ರೈಲ್ವೆ, ರಾಜ್ಯ ಸರ್ಕಾರ ಹಂಚಿಕೊಳ್ಳಬೇಕಾದರೆ 1 ಲಕ್ಷ ದಾಟಬೇಕು ಅನ್ನುವುದು ಬಹಳ ವರ್ಷದಿಂದ ಇದ್ದ ಲೆಕ್ಕ. ಹಳ್ಳಿ ಗೇಟುಗಳು ಅಷ್ಟು ಮುಟ್ಟುವುದು ಕಷ್ಟ. ಹಾಗಾಗಿ ನಮ್ಮ ಪಾಲಿಗೆ ಕೆಳಸೇತುವೆ.

ಈ ಲೆಕ್ಕದಲ್ಲಿ ಎತ್ತಿನ ಗಾಡಿ ಬರುತ್ತದೆ, ಆಟೋ ಬರುತ್ತದೆ. ನಡೆದು ದಾಟುವವರು ಬರುವುದಿಲ್ಲ. ಆ ಅಜ್ಜಿ ಬರುವುದಿಲ್ಲ. ಹಟ್ಟಿಯಿಂದ ಶಾಲೆಗೆ ಬರುವ ಮಕ್ಕಳು, ಡೇರಿಗೆ ಕ್ಯಾನ್ ಹಿಡಿದು ಬರುವ ಹೆಂಗಸರು, ಕುರಿ ಹೊಡೆದುಕೊಂಡು ಹೋಗುವವರು ಯಾರೂ ಬರುವುದಿಲ್ಲ. ನಮ್ಮ ಗೇಟ್ ಇರುವುದೇ ಜಾಸ್ತಿ ಇವರಿಗಾಗಿ. ಎಣಿಕೆಯನ್ನು ಸತತ ಏಳು ದಿನ ಮಾಡುತ್ತಾರೆ. ಯಾವ ವಾರ ಎಣಿಸಿದಿರಿ ಅಂತ ಕೇಳಿದೆ. ಏಪ್ರಿಲ್ ಕೊನೆ ಅಂದರು. ಆಗ ಶಾಲೆಗೆ ರಜೆ, ಹೊಲದಲ್ಲಿ ಕೆಲಸವೂ ಇಲ್ಲ. ಸುಗ್ಗಿಯಲ್ಲಿ ಬಂದು ನೋಡಿ ಸಾರ್, ಇದರ ಎರಡು ಪಟ್ಟು ಜನ ಇರುತ್ತಾರೆ ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಒಳ್ಳೆಯ ಮನುಷ್ಯ, ಯಾರ ಮಾತಿಗೂ ಸಿಡುಕಲಿಲ್ಲ.

ಗ್ರಾಮಸಭೆಗೆ ಮೊದಲು ಒಂದು ಕೆಲಸ ಬಾಕಿ ಇತ್ತು. ಪಕ್ಕದ ಊರಿನಲ್ಲಿ ಆಗಲೇ ಕೆಳಸೇತುವೆ ಆಗಿದೆ. ಕಣ್ಣಾರೆ ನೋಡಿಯೇ ಮಾತಾಡೋಣ ಅಂತ ನಾವು ಕೆಲವರು ಟೆಂಪೋ ಮಾಡಿಕೊಂಡು ಹೋದೆವು. ಮಳೆ ನಿಂತು ವಾರವಾಗಿತ್ತು. ಒಳಗೆ ಇನ್ನೂ ಮೊಣಕಾಲುದ್ದ ನೀರು. ಪಂಪ್ ಇಟ್ಟಿದ್ದರು, ಅದಕ್ಕೆ ಕರೆಂಟ್ ಇರಲಿಲ್ಲ. ಬೈಕಿನವರು ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಹೋಗುತ್ತಿದ್ದರು. ನಡೆಯುವವರು? ಅವರು ಮೇಲೆ ಹತ್ತಿ ಹಳಿಯನ್ನೇ ದಾಟುತ್ತಿದ್ದರು. ಈಗ ಅಲ್ಲಿ ಗೇಟೂ ಇಲ್ಲ, ವಿಷಲ್ ಊದಿ ತಡೆಯುವವರೂ ಇಲ್ಲ. ಯೂನಿಫಾರಂ ಹಾಕಿಕೊಂಡ ಮೂವರು ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಜಲ್ಲಿ ಕಲ್ಲಿನ ಮೇಲೆ ಹತ್ತುವುದನ್ನು ನೋಡಿ ನನ್ನ ಎದೆ ಹೊಡೆದುಕೊಂಡಿತು. ಅಪಾಯ ತಪ್ಪಿಸಲು ಕಟ್ಟಿದ ಸೇತುವೆ ಅದೇ ಜನರನ್ನು ಮೊದಲಿಗಿಂತ ಹೆಚ್ಚಿನ ಅಪಾಯಕ್ಕೆ ದೂಡಿತ್ತು.

ಮಧ್ಯಾಹ್ನ ಸಭೆಯಲ್ಲಿ ಅದೇ ಮಾತು ಎದ್ದಿತು. "ಗೇಟ್ ಮುಚ್ಚಿದ್ರೆ ಮಳೆಗಾಲದಲ್ಲಿ ಹೆಣ ಎಲ್ಲಿಂದ ಹೊತ್ಕೊಂಡು ಹೋಗೋದು? ನೀರಲ್ಲಿ ಇಳಿಸಬೇಕಾ?" ಅಂತ ಒಬ್ಬ ಹಿರಿಯರು ಎದ್ದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಬೇಡವೇ ಬೇಡ ಅಂತ ಬರೆದು ಕಳಿಸಿ ಅಂತ ಸಭೆಯ ಮುಕ್ಕಾಲು ಪಾಲು ಜನ ಹೇಳುತ್ತಿದ್ದರು.

ನಾನು ಎದ್ದು ಕಡಲೂರಿನ ವಿಷಯ ಹೇಳಿದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ತೀರಿಹೋದರು. ಗೇಟ್ ಇತ್ತು, ಗೇಟ್ ಕಾಯುವವರೂ ಇದ್ದರು, ಇಂಟರ್‌ಲಾಕ್ ಇರಲಿಲ್ಲ. ಅಲ್ಲಿ ಕೆಳಸೇತುವೆಗೆ ಹಣ ಮಂಜೂರಾಗಿತ್ತು, ಜಿಲ್ಲಾಡಳಿತದ ಒಪ್ಪಿಗೆ ಒಂದು ವರ್ಷದಿಂದ ಸಿಕ್ಕಿರಲಿಲ್ಲ ಅಂತ ರೈಲ್ವೆ ಆಗ ಹೇಳಿತ್ತು. ಅದಕ್ಕೂ ಹಿಂದೆ, 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶೀನಗರದಲ್ಲಿ ಕಾವಲಿಲ್ಲದ ಕ್ರಾಸಿಂಗ್‌ನಲ್ಲಿ 13 ಮಕ್ಕಳು ಸತ್ತರು. ಗೇಟುಗಳನ್ನೇ ತೆಗೆದುಹಾಕಿ ಅಂತ ರೈಲ್ವೆ ಸುರಕ್ಷತೆ ಬಗ್ಗೆ ನೇಮಿಸಿದ್ದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು. ಬ್ರಾಡ್‌ಗೇಜ್ ಅನ್ನುವ ಅಗಲ ಹಳಿ ಮಾರ್ಗದಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳು ಮುಗಿದದ್ದು 2019ರ ಜನವರಿಯಲ್ಲಿ. ಸುಮ್ನೆ ಬೇಡ ಅಂತ ಬರೆದರೆ ನಮ್ಮ ಅಜ್ಜಿ ನಾಳೆಯೂ ಕಂಬಿಯಡಿ ಬಗ್ಗುತ್ತಾರೆ, ಅಲ್ವಾ? ಪಕ್ಕದ ಊರಿನಂಥ ಸೇತುವೆಗೆ ನಾನೂ ಒಪ್ಪುವುದಿಲ್ಲ. ನೀರು ನಿಲ್ಲದ ಸೇತುವೆ ಕೇಳೋಣ ಅಂದೆ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಗಂಡಸರ ಚಿಂತೆ ಹುಲ್ಲಿನ ಲೋಡಿನದು. ಮೇಲೆ ಕರೆಂಟ್ ತಂತಿ ಎಳೆದ ಮೇಲೆ ಗೇಟಿನ ಎರಡೂ ಕಡೆ 4.67 ಮೀಟರ್ ಎತ್ತರಕ್ಕೆ ಅಡ್ಡಕಂಬ ನಿಲ್ಲಿಸಿದ್ದಾರೆ. ಈಗಾಗಲೇ ಹುಲ್ಲು ತಗ್ಗಿಸಿಯೇ ಹೇರುತ್ತಾರೆ. ನಕ್ಷೆಯಲ್ಲಿ ಸೇತುವೆಯ ಎತ್ತರ 3.6 ಮೀಟರ್. ರಾಗಿ ಹುಲ್ಲು, ಕಾಯಿ ಸುಲಿದ ಮಟ್ಟೆ ತುಂಬಿದ ಟ್ರ್ಯಾಕ್ಟರ್ ಹೋಗುವುದಿಲ್ಲ. ಎತ್ತರ ಜಾಸ್ತಿ ಮಾಡಿ ಅಂತ ಕೇಳಿದರು. ಎಂಜಿನಿಯರ್ ಬಿಡಿಸಿ ಹೇಳಿದರು: ಹಳಿಯನ್ನು ಮೇಲೆತ್ತಲು ಆಗುವುದಿಲ್ಲ, ಎತ್ತರ ಬೇಕಾದರೆ ಕೆಳಗೆ ಅಗೆಯಬೇಕು. ಪಕ್ಕದಲ್ಲೇ ಕೆರೆ. ಇನ್ನೊಂದು ಮೀಟರ್ ಇಳಿದರೆ ಬುಡದಿಂದಲೇ ನೀರು ಜಿನುಗುತ್ತದೆ. ಆಗ ಅದು ಹಳ್ಳಕ್ಕೆ ತಾನಾಗಿ ಹರಿಯುವುದಿಲ್ಲ, ಪಂಪೇ ಗತಿ.

ಅಂದರೆ ಹುಲ್ಲಿನ ಗಾಡಿಗೆ ದಾರಿ ಕೊಟ್ಟರೆ ನಡೆಯುವವರಿಗೆ ನೀರು. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಾನು ನಡೆಯುವವರ ಪರ ನಿಂತೆ. ಹುಲ್ಲು ಸಾಗಿಸುವುದು ವರ್ಷದಲ್ಲಿ ಕೆಲವು ದಿನ. ಶಾಲೆ, ಡೇರಿ ದಿನಾ. ನನ್ನ ಮೈದುನನೇ ಎದ್ದು, "ಅತ್ತಿಗೆ, ಸುತ್ತು ಹಾಕ್ಕೊಂಡು ಹೋಗೋ ಡೀಸೆಲ್ ದುಡ್ಡು ಪಂಚಾಯ್ತಿ ಕೊಡುತ್ತಾ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಕೊಡುವುದಿಲ್ಲ ಅಂತಲೇ ಹೇಳಿದೆ. ಅದು ರೈತರ ಮೇಲೆ ಬೀಳುವ ಹೊರೆ, ಅದನ್ನು ಮುಚ್ಚಿಟ್ಟು ಒಪ್ಪಿಗೆ ಪಡೆಯುವುದು ಬೇಡ ಅಂತ ಅನಿಸಿತು. ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಕೈ ಎತ್ತಿದ ಮೇಲೆ ಉಳಿದವರೂ ಎತ್ತಿದರು. ಮೈದುನ ಎತ್ತಲಿಲ್ಲ. ಅವನ ವಿರೋಧವನ್ನೂ ನಡಾವಳಿಯಲ್ಲಿ ಬರೆಸಿದೆ.

ಠರಾವು ಹೀಗಾಯಿತು. ಗೇಟ್ ಮುಚ್ಚಲು ಒಪ್ಪಿಗೆ ಇದೆ, ಆದರೆ ಸೇತುವೆ ಮುಗಿದು ಒಂದು ಮಳೆಗಾಲ ಕಳೆಯುವವರೆಗೆ ಗೇಟನ್ನು ಕಿತ್ತುಹಾಕಬಾರದು. ಒಳಗಿನ ನೀರು ಪಂಪ್ ಇಲ್ಲದೆ ಹಳ್ಳಕ್ಕೆ ಹರಿಯುವ ಹಾಗೆ ಚರಂಡಿ ಇರಬೇಕು. ಇಳಿಜಾರಿಗೆ ಎರಡೂ ಕಡೆ ಚಾವಣಿ ಹಾಕಬೇಕು, ರಸ್ತೆಯ ನೀರು ಒಳಗೆ ನುಗ್ಗದ ಹಾಗೆ ಬಾಯಲ್ಲಿ ಉಬ್ಬು ಕಟ್ಟಬೇಕು. ಒಂದು ಪಕ್ಕ ನಡೆಯುವವರಿಗೆ ಎತ್ತರದ ಕಟ್ಟೆ, ರಾತ್ರಿಗೆ ದೀಪ. ದೀಪದ ಮಾತು ಸೇರಿಸಿದ್ದು ಡೇರಿಗೆ ಬೆಳಗಿನ ಜಾವ ಹಾಲು ತರುವ ಹೆಂಗಸರು. ಅದು ನನಗೆ ಹೊಳೆದೇ ಇರಲಿಲ್ಲ.

ಚಾವಣಿ, ಉಬ್ಬು, ಕಟ್ಟೆಗೆ ಎಂಜಿನಿಯರ್ ಅಲ್ಲೇ ಆಗಬಹುದು ಅಂದರು. ಚರಂಡಿಗೆ ಇಬ್ಬರು ರೈತರ ತೋಟದಂಚು ಬೇಕಾಗುತ್ತದೆ. ಒಬ್ಬರು ಬಿಡುತ್ತೇನೆ ಅಂದಿದ್ದಾರೆ. ಇನ್ನೊಬ್ಬರ ಜೊತೆ ಮಾತು ನಡೆಯುತ್ತಿದೆ. ತಿದ್ದಿದ ನಕ್ಷೆ ಬಂದ ಮೇಲೆ ಅದನ್ನು ಮತ್ತೆ ಗ್ರಾಮಸಭೆಯ ಮುಂದೆ ಇಡಬೇಕು ಅಂತಲೂ ಠರಾವಿನಲ್ಲಿದೆ.