ಕಪ್ಪವೋ ಕಾಣಿಕೆಯೋ: ಪೇತರ್ ಗೊಯ್ನಿಕೊವಿಚ್‌ನ 25 ವರ್ಷ

ಕಪ್ಪಕಾಣಿಕೆ ಅಂತ ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಎರಡೂ ಒಂದೇ ಅಲ್ಲ. ಕಪ್ಪ ಕೊಡುವವನು ಕೈಕೆಳಗಿನವನು. ಕಾಣಿಕೆಯನ್ನು ಸರಿಸಮಾನರೂ ಕೊಟ್ಟು ತೆಗೆದುಕೊಳ್ಳುತ್ತಾರೆ. 9ನೇ ಶತಮಾನದ ಸೆರ್ಬಿಯಾದ ಗಡಿಯಲ್ಲಿ, ಈಗಿನ ನೋವಿ ಪಜಾರ್ ಪಕ್ಕದ ರಾಸ್‌ನಲ್ಲಿ, ಇಬ್ಬರು ಗುಲಾಮರು, ಎರಡು ಡೇಗೆ, ಎರಡು ನಾಯಿ, 80 ತುಪ್ಪಳದ ಚರ್ಮ ಇಷ್ಟನ್ನು ಸೆರ್ಬರು ಬಲ್ಗೇರಿಯದ ದೊರೆ ಬೋರಿಸ್‌ಗೆ ಕೊಟ್ಟರು. ಬೋರಿಸ್ ಸೆರ್ಬರ ಮೇಲೆ ದಂಡೆತ್ತಿ ಬಂದು ಸೋತಿದ್ದ. ಮಗ ವ್ಲಾದಿಮಿರ್ ಮತ್ತು 12 ಜನ ದೊಡ್ಡ ಸರದಾರರು ಸೆರೆ ಸಿಕ್ಕಿದ್ದರು. ರಾಜಿ ಮಾಡಿಕೊಂಡು ವಾಪಸು ಹೋಗುವಾಗ ದಾರಿಯಲ್ಲಿ ಹೊಂಚು ಹಾಕಿಯಾರೆಂದು ಹೆದರಿ ಗಡಿವರೆಗೆ ಬೆಂಗಾವಲು ಕೇಳಿದ. ಸೆರ್ಬ್ ದೊರೆ ಮುತಿಮಿರ್ ತನ್ನ ಮಕ್ಕಳಾದ ಬ್ರಾನ್ ಮತ್ತು ಸ್ತೆಫಾನ್ ಇಬ್ಬರನ್ನೂ ಜೊತೆಗೆ ಕಳಿಸಿದ. ಗಡಿಯಲ್ಲಿ ಬೋರಿಸ್ ಅವರಿಗೆ ದೊಡ್ಡ ಉಡುಗೊರೆ ಕೊಟ್ಟ, ಇವರು ಪ್ರತಿಯಾಗಿ ಮೇಲೆ ಹೇಳಿದ್ದನ್ನು ಕೊಟ್ಟರು. ಅದನ್ನೇ ಬಲ್ಗೇರಿಯದವರು ಕಪ್ಪ ಅನ್ನುತ್ತಾರೆ ಅಂತ ಇದನ್ನು ದಾಖಲಿಸಿದವನು ಕೊಂಕು ತೆಗೆಯುತ್ತಾನೆ.

ದಾಖಲಿಸಿದವನು ಬಿಜಾಂಟಿಯಮ್ಮಿನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್. 948ರಿಂದ 952ರ ನಡುವೆ ಮಗ ರೊಮಾನೊಸ್‌ನಿಗೆ ರಾಜ್ಯಭಾರ ಕಲಿಸಲು ಬರೆಸಿದ ಗ್ರೀಕ್ ಕೈಪಿಡಿಯಲ್ಲಿ 53 ಅಧ್ಯಾಯಗಳಿವೆ. 32ನೆಯದು ಸೆರ್ಬರದ್ದು. ಮುತಿಮಿರ್‌ನ ತಮ್ಮನ ಮಗ, ಮುಂದೆ ಸೆರ್ಬಿಯಾ ಆಳಿದ ಪೇತರ್ ಗೊಯ್ನಿಕೊವಿಚ್ ಬಗ್ಗೆ ಓದಲು ಸಿಗುವುದೆಲ್ಲ ಹೆಚ್ಚುಕಮ್ಮಿ ಈ ಒಂದು ಅಧ್ಯಾಯದಿಂದಲೇ ಬಂದದ್ದು. ಇದನ್ನು ಚರಿತ್ರೆ ಎಂದು ಓದಿದರೆ ಎಡವುತ್ತೀರಿ. ಜಮೀನಿನ ವ್ಯಾಜ್ಯದಲ್ಲಿ ಒಬ್ಬ ಕಕ್ಷಿದಾರ ಸಲ್ಲಿಸಿದ ಹೇಳಿಕೆ ಎಂದು ಓದಬೇಕು. ವಾದ ಒಂದೇ: ಸೆರ್ಬರು ಎಂದೂ ಬಲ್ಗೇರಿಯದ ಅಧೀನರಲ್ಲ, ಮೊದಲಿನಿಂದಲೂ ನಮ್ಮವರು. ಗಡಿಯಲ್ಲಿ ಕೈಬದಲಾದ ನಾಯಿ, ಡೇಗೆಗಳ ಲೆಕ್ಕ ಇಷ್ಟು ಚೊಕ್ಕವಾಗಿ ಉಳಿದಿರುವುದೂ ಅದಕ್ಕಾಗಿಯೇ. ಅದು ಸಾಕ್ಷ್ಯ.

ಇನ್ನು ಮನೆತನ. ಕನ್ನಡದಲ್ಲಿ ದಾಯಾದಿ ಎಂಬ ಪದ ಇರುವುದರಿಂದ ಇದನ್ನು ವಿವರಿಸುವುದು ಸುಲಭ. ಸೆರ್ಬ್ ದೊರೆ ವ್ಲಾಸ್ತಿಮಿರ್‌ನಿಗೆ ಮೂವರು ಗಂಡುಮಕ್ಕಳು: ಮುತಿಮಿರ್, ಸ್ತ್ರೊಯಿಮಿರ್, ಗೊಯ್ನಿಕ್. ಅಪ್ಪ ಸತ್ತ ಮೇಲೆ ರಾಜ್ಯ ಹಂಚಿಕೊಂಡರು, ಬೋರಿಸ್‌ನನ್ನು ಸೋಲಿಸುವ ತನಕ ಒಟ್ಟಿಗಿದ್ದರು, ಆಮೇಲೆ ಕಿತ್ತಾಡಿದರು. ಮುತಿಮಿರ್ ಇಬ್ಬರು ತಮ್ಮಂದಿರನ್ನೂ ಹಿಡಿದು ಬಲ್ಗೇರಿಯಕ್ಕೆ ಅಟ್ಟಿದ. ಗೊಯ್ನಿಕ್‌ನ ಮಗ ಪೇತರ್‌ನನ್ನು ಮಾತ್ರ ತನ್ನ ಬಳಿ ಇಟ್ಟುಕೊಂಡ. ಹುಡುಗ ದೊಡ್ಡಪ್ಪನ ಮನೆಯಿಂದ ತಪ್ಪಿಸಿಕೊಂಡು ಕ್ರೊಯೇಶಿಯಾ ಸೇರಿದ. ಬಲ್ಗೇರಿಯದಲ್ಲಿದ್ದ ಸ್ತ್ರೊಯಿಮಿರ್‌ನ ಮಗ ಕ್ಲೊನಿಮಿರ್‌ಗೆ ಬೋರಿಸ್ ತನ್ನ ನಾಡಿನ ಹೆಣ್ಣು ಕೊಟ್ಟು ಮದುವೆ ಮಾಡಿದ; ಅವರಿಗೆ ಹುಟ್ಟಿದವನು ಚಾಸ್ಲಾವ್. ಹೀಗೆ ನೆರೆಯ ಎರಡು ರಾಜ್ಯಗಳಲ್ಲೂ ಸೆರ್ಬಿಯಾದ ಗದ್ದುಗೆಗೆ ಹಕ್ಕುದಾರರು ಬೆಳೆಯತೊಡಗಿದರು. ಯಾರಿಗೆ ಬೇಕಾದಾಗ ಯಾರನ್ನು ಬೇಕಾದರೂ ಹೊರಗೆ ಬಿಡಬಹುದಿತ್ತು.

ಹೆಸರುಗಳ ಮೇಲೂ ಒಮ್ಮೆ ಕಣ್ಣಾಡಿಸಿ. ವ್ಲಾಸ್ತಿಮಿರ್‌ನ ಮೂವರು ಮಕ್ಕಳದ್ದೂ ಅಪ್ಪಟ ಸ್ಲಾವ್ ಹೆಸರು. ಮೊಮ್ಮಕ್ಕಳಲ್ಲಿ ಪ್ರಿಬಿಸ್ಲಾವ್, ಬ್ರಾನ್, ಕ್ಲೊನಿಮಿರ್ ಜೊತೆಗೆ ಸ್ತೆಫಾನ್ ಮತ್ತು ಪೇತರ್ ಬರುತ್ತಾರೆ. ಅದರ ಮುಂದಿನ ತಲೆಮಾರಿನಲ್ಲಿ ಪಾವ್ಲೆ, ಜಹಾರಿಯಾ. ಮನೆತನ ಕ್ರೈಸ್ತವಾದದ್ದು ಮೊಮ್ಮಕ್ಕಳು ಹುಟ್ಟುತ್ತಿದ್ದ ಕಾಲದಲ್ಲಿ ಎಂದು ಇತಿಹಾಸಕಾರರು ಹೇಳುವುದಕ್ಕೆ ಈ ನಾಮಕರಣಗಳು ಒಂದು ಮುಖ್ಯ ಆಧಾರ.

ಈಗ ಇಸವಿಗಳು. ಪೇತರ್ ಆಳಿದ್ದು 892ರಿಂದ 917 ಅಂತ ಎಲ್ಲ ಕಡೆ ಅಚ್ಚಾಗಿದೆ. ಮೂಲದಲ್ಲಿ ಆ ಎರಡು ಸಂಖ್ಯೆಗಳೂ ಇಲ್ಲ. ಇರುವುದು ಇಷ್ಟು: ಮುತಿಮಿರ್ ಸತ್ತ, ಮಗ ಪ್ರಿಬಿಸ್ಲಾವ್ 1 ವರ್ಷ ಆಳಿದ, ಪೇತರ್ ಕ್ರೊಯೇಶಿಯಾದಿಂದ ಬಂದು ಅವನನ್ನೂ ಇಬ್ಬರು ತಮ್ಮಂದಿರನ್ನೂ ಓಡಿಸಿದ. 3 ವರ್ಷದ ನಂತರ ಬ್ರಾನ್ ದಂಡೆತ್ತಿ ಬಂದ, ಸೋತ, ಪೇತರ್ ಅವನ ಕಣ್ಣು ಕೀಳಿಸಿದ. 2 ವರ್ಷದ ನಂತರ ಕ್ಲೊನಿಮಿರ್ ಬಲ್ಗೇರಿಯದಿಂದ ಬಂದು ದೊಸ್ತಿನಿಕ್ ಎಂಬ ಕೋಟೆ ಊರಿಗೆ ನುಗ್ಗಿದ, ಪೇತರ್ ಅವನನ್ನು ಕೊಂದ. ಆಮೇಲೆ 20 ವರ್ಷ ಎಂಬ ಮಾತು ಬರುತ್ತದೆ, ಚಕ್ರವರ್ತಿ ಆರನೇ ಲಿಯೋನ ಹೆಸರಿನ ಜೊತೆಗೆ.

ಲೆಕ್ಕಕ್ಕೆ ಒಂದು ಗಟ್ಟಿ ಗೂಟ ಬೇಕು. ಅದು ಬಿಜಾಂಟಿಯಮ್ಮಿಗೂ ಬಲ್ಗೇರಿಯಕ್ಕೂ ನಡೆದ ಅಖೆಲೂಸ್ ಕದನ, 917ರ ಆಗಸ್ಟ್ 20. ಪೇತರ್ ಗದ್ದುಗೆ ಕಳೆದುಕೊಂಡದ್ದು ಆ ಸಮಯಕ್ಕೇ ಎಂದು ಅಧ್ಯಾಯವೇ ಕಟ್ಟಿಕೊಡುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ: 917ರಲ್ಲಿ 20 ಕಳೆದರೆ 897, ಕ್ಲೊನಿಮಿರ್ ಸತ್ತದ್ದು. 2 ಕಳೆದರೆ 895, ಬ್ರಾನ್ ಕುರುಡನಾದದ್ದು. 3 ಕಳೆದರೆ 892, ಪೇತರ್ ಗದ್ದುಗೆ ಏರಿದ್ದು. 1 ಕಳೆದರೆ 891, ಮುತಿಮಿರ್ ತೀರಿಕೊಂಡದ್ದು. ಇದು ಒಂದು ದಾರಿ. ಇನ್ನೊಂದು ದಾರಿಯಲ್ಲಿ 20 ವರ್ಷವನ್ನು ಇಡೀ ಲಿಯೋನ ಕಾಲಕ್ಕೇ ಹಚ್ಚಬಹುದು. ಲಿಯೋ ಸತ್ತದ್ದು 912ರ ಮೇ ತಿಂಗಳಲ್ಲಿ. 20 ಕಳೆದರೆ ಮತ್ತೆ 892! ನೋಡಲು ಚೆಂದ. ಆದರೆ ಒಂದೇ ವಾಕ್ಯವನ್ನು ಎರಡು ರೀತಿ ಬಿಡಿಸಿದರೆ ಇಬ್ಬರು ಸಾಕ್ಷಿಗಳು ಸಿಕ್ಕಂತಾಗುವುದಿಲ್ಲ. ಹೊಂದಾಣಿಕೆ ಬರೀ ಕಾಕತಾಳೀಯ ಇರಬಹುದು.

ಕೈ ತಪ್ಪುವ ಜಾಗಗಳೂ ಇವೆ. ‘3 ವರ್ಷದ ನಂತರ’ ಎಂದಾಗ ಮೊದಲ ವರ್ಷವನ್ನೂ ಸೇರಿಸಿ ಎಣಿಸಿದರೋ ಬಿಟ್ಟರೋ ಗೊತ್ತಾಗದು; ಒಂದೊಂದು ಮೆಟ್ಟಿಲಿಗೂ ಒಂದೊಂದು ವರ್ಷ ಜಾರಿದರೆ ಕೊನೆಗೆ ಮೂರು ವರ್ಷದ ವ್ಯತ್ಯಾಸ. ಬಿಜಾಂಟಿಯಮ್ಮಿನ ಹೊಸ ವರ್ಷ ಸೆಪ್ಟೆಂಬರ್ 1ಕ್ಕೆ. ಅಖೆಲೂಸ್ ಕದನ ಅವರ ಸೃಷ್ಟಿಶಕೆಯ 6425ರ ಕೊನೆಯ ಹನ್ನೆರಡು ದಿನಗಳಲ್ಲಿ ಬೀಳುತ್ತದೆ. ಸೆಪ್ಟೆಂಬರ್ ಆಯಿತೋ, ಆಗಲೇ 6426. ಹಾಗಾಗಿ 892ನ್ನು ‘ಸುಮಾರು’ ಎಂದು ಬರೆಯಿರಿ. ಪೇತರ್‌ನ ಹುಟ್ಟಿದ ವರ್ಷ ಎಲ್ಲಾದರೂ ಕಂಡರೆ ಅದು ಬರೆದವರ ಊಹೆ, ಅಧ್ಯಾಯದಲ್ಲಿ ಅದರ ಸುಳಿವೂ ಇಲ್ಲ.

917ರ ಕತೆ ಇಡೀ ಅಧ್ಯಾಯದ ತಿರುಳು. ಅಷ್ಟು ಹೊತ್ತಿಗೆ ಪೇತರ್ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದ: ಒಂದು ಕಡೆ ಚಕ್ರವರ್ತಿಗೆ ವಿಧೇಯ, ಇನ್ನೊಂದು ಕಡೆ ಬೋರಿಸ್‌ನ ಮಗ ಸಿಮೆಯೋನ್ ಜೊತೆ ಸ್ನೇಹ. ತನ್ನ ಮಗನ ದೀಕ್ಷಾಸ್ನಾನಕ್ಕೆ ಸಿಮೆಯೋನನನ್ನೇ ಜ್ಞಾನತಂದೆಯಾಗಿ ನಿಲ್ಲಿಸಿಕೊಂಡಿದ್ದ. ಅವರಲ್ಲಿ ಮಗುವಿನ ತಂದೆಗೂ ಜ್ಞಾನತಂದೆಗೂ ರಕ್ತಸಂಬಂಧದಷ್ಟೇ ಗಟ್ಟಿ ನಂಟು, ಮುರಿದರೆ ಪಾಪ. ಲಿಯೋ ತೀರಿಕೊಂಡ ಮೇಲೆ ದಿರಾಖಿಯಮ್ಮಿನ, ಅಂದರೆ ಈಗಿನ ಅಲ್ಬೇನಿಯದ ದುರೆಸ್‌ನ, ದಂಡನಾಯಕ ಲಿಯೋ ರಾಬ್ದೂಖೊಸ್ ಎಂಬವನು ಪೇತರ್ ಜೊತೆ ಮಾತುಕತೆಗೆ ಪಗಾನಿಯಾಕ್ಕೆ ಬಂದ. ನೆರೆತ್ವಾ ನದಿಯ ಬಳಿಯ ಆ ಕರಾವಳಿ ಆಗ ಸೆರ್ಬ್ ದೊರೆಯ ಕೈಯಲ್ಲಿತ್ತು ಎಂದು ಅಧ್ಯಾಯ ಹೇಳುತ್ತದೆ. ಪೇತರ್‌ನ ಆಳ್ವಿಕೆ ಕಡಲ ತನಕ ಹಬ್ಬಿತ್ತು ಎನ್ನಲು ಇರುವ ಆಧಾರ ಈ ಒಂದು ಸಾಲು.

ಅದು ಪಕ್ಕದ ಜಹುಮ್ಲಿಯೆಯ ಒಡೆಯ ಮಿಹಾಯ್ಲೊ ವಿಶೆವಿಚ್‌ನ ಕಣ್ಣು ಕುಕ್ಕಿತು. ಇವನಿಗೆ ಸಿಮೆಯೋನ್ ಹಳೇ ಪರಿಚಯ. 912ರ ಸುಮಾರಿಗೆ ವೆನಿಸ್ ದೊರೆಯ ಮಗನನ್ನು ಹಿಡಿದು ಸಿಮೆಯೋನ್‌ಗೆ ಒಪ್ಪಿಸಿದವನು ಇವನೇ. ಈಗ ಚಾಡಿ ಚುಚ್ಚಿದ: ಚಕ್ರವರ್ತಿ ಪೇತರ್‌ಗೆ ಹಣ ಕೊಟ್ಟು, ತುರ್ಕರನ್ನೂ ಕಟ್ಟಿಕೊಂಡು ನಿನ್ನ ಮೇಲೆ ಬೀಳಲು ಹೇಳುತ್ತಿದ್ದಾನೆ. ಇಲ್ಲಿ ತುರ್ಕರು ಎಂದರೆ ಒಟ್ಟೋಮನ್ನರಲ್ಲ, ಅವರು ಬರಲು ಇನ್ನೂ ನಾಲ್ಕು ಶತಮಾನ ಇದೆ. ಈ ಕೈಪಿಡಿಯಲ್ಲಿ ತುರ್ಕರು ಅಂದರೆ ಹಂಗೇರಿಯ ಮಗ್ಯಾರರು. ಎಷ್ಟೋ ಜನ ಮುಗ್ಗರಿಸುವ ಜಾಗ ಇದು.

ಚಾಡಿ ನಿಜವೇ? ಕಾನ್‌ಸ್ಟಂಟೈನ್ ಮಿಹಾಯ್ಲೊನದ್ದು ಹೊಟ್ಟೆಕಿಚ್ಚು ಅನ್ನುತ್ತಾನೆ, ಸುಳ್ಳು ಅಂತ ಮಾತ್ರ ಹೇಳುವುದಿಲ್ಲ. 917ರಲ್ಲಿ ಸಿಂಹಾಸನದ ಮೇಲಿದ್ದ ಹನ್ನೆರಡು ವರ್ಷದ ಹುಡುಗ ಬೇರೆ ಯಾರೂ ಅಲ್ಲ, ಇವನೇ. ರಾಜ್ಯಭಾರ ತಾಯಿ ಜೋಯಿಯ ಕೈಯಲ್ಲಿತ್ತು. ತನ್ನ ಹೆಸರಿನಲ್ಲಿ ನಡೆದ ಸಂಚಿನ ಬಗ್ಗೆ ಅವನು ಮೌನವಾಗಿರುವುದನ್ನು ಒಪ್ಪಿಗೆ ಎಂದೇ ನಾನು ಓದುತ್ತೇನೆ.

ಅಖೆಲೂಸ್‌ನಲ್ಲಿ ಬಿಜಾಂಟಿಯಮ್ಮಿನ ಸೈನ್ಯವನ್ನು ಸಿಮೆಯೋನ್ ಹೊಸಕಿಹಾಕಿದ. ಪೇತರ್ ವಿರುದ್ಧ ಥಿಯೊಡೋರ್ ಸಿಗ್ರಿತ್ಸ ಮತ್ತು ಮರ್ಮಯಿಸ್ ಎಂಬ ಇಬ್ಬರು ಸರದಾರರನ್ನು ಸೈನ್ಯದೊಂದಿಗೆ ಕಳಿಸಿದ. ಜೊತೆಗೆ ಪಾವ್ಲೆಯನ್ನೂ ಕಳಿಸಿದ. ಪಾವ್ಲೆ, ಪೇತರ್ ಕಣ್ಣು ಕೀಳಿಸಿದ್ದ ಬ್ರಾನ್‌ನ ಮಗ. ಕುರುಡ ಗದ್ದುಗೆ ಏರುವಂತಿಲ್ಲ, ಕೊಲೆಯ ಪಾಪವೂ ಅಂಟುವುದಿಲ್ಲ ಎಂಬ ಲೆಕ್ಕದಲ್ಲಿ ಆ ಕಾಲದಲ್ಲಿ ಕಣ್ಣು ತೆಗೆಸುತ್ತಿದ್ದರು. ಮಗನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೀಗಾಗುತ್ತದೆ. ಸರದಾರರು ಕತ್ತಿ ಎತ್ತಲಿಲ್ಲ. ಪೇತರ್ ಜೊತೆ ಜ್ಞಾನತಂದೆಯ ನಂಟು ಬೆಳೆಸಿದರು, ನಿನಗೆ ಕೇಡು ಮಾಡುವುದಿಲ್ಲ ಎಂದು ಆಣೆ ಇಟ್ಟರು, ಹೊರಗೆ ಬಂದವನನ್ನು ಕಟ್ಟಿ ಬಲ್ಗೇರಿಯಕ್ಕೆ ಒಯ್ದರು. ಅಲ್ಲಿನ ಸೆರೆಮನೆಯಲ್ಲೇ ಅವನು ಸತ್ತ.

ಈ ಮನೆತನದ ವಸ್ತುಗಳನ್ನು ಹುಡುಕುವವರಿಗೆ ಎರಡು ಮುದ್ರೆಗಳ ಮಾತು. ನಡುವೆ ಎರಡು ಅಡ್ಡಪಟ್ಟಿಯ ಶಿಲುಬೆ, ಸುತ್ತ ಗ್ರೀಕ್ ಅಕ್ಷರದಲ್ಲಿ ಸ್ತ್ರೊಯಿಮಿರ್‌ನನ್ನು ಕಾಯಿ ಎಂಬ ಪ್ರಾರ್ಥನೆ ಇರುವ ಚಿನ್ನದ ಮುದ್ರೆಯನ್ನು 2006ರಲ್ಲಿ ಮ್ಯೂನಿಕ್ ಹರಾಜಿನಲ್ಲಿ ಸೆರ್ಬಿಯಾ ಸರ್ಕಾರ ಕೊಂಡಿತು. ಅದು ಪೇತರ್‌ನ ಚಿಕ್ಕಪ್ಪ ಅಥವಾ ದೊಡ್ಡಪ್ಪನದು. ಸ್ತ್ರೊಯಿಮಿರ್, ಗೊಯ್ನಿಕ್ ಇಬ್ಬರಲ್ಲಿ ಹಿರಿಯ ಯಾರು ಎಂಬುದರ ಮೇಲೆ ನಂಟಿನ ಹೆಸರು ನಿಲ್ಲುತ್ತದೆ. ಇನ್ನೊಂದು ಸೀಸದ್ದು, ‘ದಿಯೋಕ್ಲಿಯದ ಒಡೆಯ ಪೇತರ್‌ನದು, ಆಮೆನ್’ ಎಂಬ ಬರಹದ್ದು. ಹೆಸರು ಒಂದೇ ಎಂದು ಇದನ್ನು ನಮ್ಮ ಪೇತರ್‌ಗೆ ಅಂಟಿಸಬೇಡಿ. ದಿಯೋಕ್ಲಿಯ ಈಗಿನ ಮಾಂಟೆನೆಗ್ರೊ ಕಡೆಯ ನಾಡು. ಕೈಪಿಡಿಯಲ್ಲಿ ಅದಕ್ಕೆ 35ನೇ ಅಧ್ಯಾಯವೇ ಬೇರೆ ಇದೆ. ಗ್ರೀಕ್ ಮೂಲದಲ್ಲಿ ಹೆಸರು ಹುಡುಕುವಾಗ ಇನ್ನೊಂದು ತೊಡಕು: ಗ್ರೀಕಿನಲ್ಲಿ ಚಕಾರ ಇಲ್ಲ, ಹಾಗಾಗಿ ಚಾಸ್ಲಾವ್ ಅಲ್ಲಿ ತ್ಸೆಎಸ್ಥ್ಲಾವೊಸ್ ಆಗಿ ಅಡಗಿ ಕೂತಿದ್ದಾನೆ. ಈ ವಿಷಯದಲ್ಲಿ ನಮ್ಮ ಲಿಪಿ ವಾಸಿ.

ಪಾವ್ಲೆಯದ್ದೂ, ಅವನ ಬಳಿಕ ಬಂದ ಜಹಾರಿಯಾನದ್ದೂ ಅದೇ ಪಾಡು: ಬಲ್ಗೇರಿಯ ಕೂರಿಸುವುದು, ಇವರು ಚಕ್ರವರ್ತಿಯ ಕಡೆ ವಾಲುವುದು. ಜಹಾರಿಯಾ ಸಿಗ್ರಿತ್ಸ ಮತ್ತು ಮರ್ಮಯಿಸ್‌ರ ತಲೆ ಕಡಿಸಿ, ಅವರ ಆಯುಧಗಳ ಜೊತೆ ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿಕೊಟ್ಟ. 924ರ ಸುಮಾರಿಗೆ ಸಿಮೆಯೋನ್ ಚಾಸ್ಲಾವ್‌ನನ್ನು ಮುಂದಿಟ್ಟುಕೊಂಡು, ಹೊಸ ದೊರೆಯನ್ನು ಬರಮಾಡಿಕೊಳ್ಳಿ ಎಂದು ಸೆರ್ಬ್ ನಾಯಕರನ್ನು ಕರೆಸಿ ಎಲ್ಲರನ್ನೂ ಕಟ್ಟಿಸಿದ. ಮತ್ತೆ ಅದೇ ಆಣೆ, ಅದೇ ಹಗ್ಗ. ಚಿಕ್ಕವರು ದೊಡ್ಡವರೆನ್ನದೆ ಜನರನ್ನು ಬಲ್ಗೇರಿಯಕ್ಕೆ ಸಾಗಿಸಿದರು.

7 ವರ್ಷದ ನಂತರ ಚಾಸ್ಲಾವ್ ನಾಲ್ವರೊಂದಿಗೆ ಬಲ್ಗೇರಿಯದ ರಾಜಧಾನಿ ಪ್ರೆಸ್ಲಾವ್‌ನಿಂದ ತಪ್ಪಿಸಿಕೊಂಡು ಬಂದಾಗ ಸೆರ್ಬಿಯಾದಲ್ಲಿ ಕಂಡವರು ಬರೀ 50 ಗಂಡಸರು. ಹೆಂಡತಿ ಮಕ್ಕಳಿಲ್ಲ, ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದರು ಎಂದು ಅಧ್ಯಾಯ ಹೇಳುತ್ತದೆ. ಈ 50ನ್ನು ಅಕ್ಷರಶಃ ನಂಬಬೇಕಿಲ್ಲ. ನಾಡು ಎಷ್ಟು ಬರಿದಾಗಿತ್ತೋ ಅದನ್ನು ತುಂಬಿಸಿದವನ ಹಕ್ಕು ಅಷ್ಟು ಗಟ್ಟಿ. ತುಂಬಿಸಿದ್ದು ಚಕ್ರವರ್ತಿ ಎಂದು ಮುಂದಿನ ಸಾಲು. ಚಾಸ್ಲಾವ್ ನೆರವು ಕೇಳಿ ಹೇಳಿಕಳಿಸಿದ, ವಿಧೇಯನಾಗಿರುವ ಮಾತು ಕೊಟ್ಟ. ಓಡಿಬಂದ ಸೆರ್ಬರಿಗೆ ಚಕ್ರವರ್ತಿ ಬಟ್ಟೆಬರೆ ಕೊಟ್ಟು ಊರಿಗೆ ಕಳಿಸಿದ. ಬಲ್ಗೇರಿಯಕ್ಕೆ ಹೋದ 80 ಚರ್ಮ ಬರೀ ಕಾಣಿಕೆ ಎಂದು ವಾದಿಸಿದ ಅದೇ ಅಧ್ಯಾಯ, ಈ ಬಟ್ಟೆಬರೆಯನ್ನು ಒಡೆತನದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.