ತಂತಿಯ ಆಯಸ್ಸು ಅದರ ಚರ್ಮದಲ್ಲಿದೆ

ಲೋಹ ಕರಗಿಸುವ ವಿದ್ಯುತ್ ಕುಲುಮೆಗೆ ಎಲಿಮೆಂಟ್, ಅಂದರೆ ಕಾಯುವ ತಂತಿಯ ಸುರುಳಿ, ಕೊಳ್ಳುವವರು "ಎಷ್ಟು ಡಿಗ್ರಿ ತಾಳುತ್ತದೆ?" ಎಂದೇ ಮೊದಲು ಕೇಳುತ್ತಾರೆ. ಈ ಪ್ರಶ್ನೆಯ ಮೇಲೆ ನನಗೆ ಸ್ವಲ್ಪ ಸಿಟ್ಟು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಒಳ್ಳೆಯ ತಂತಿಗೆ 1400 ಡಿಗ್ರಿ ಎಂದು ಬರೆದಿರುತ್ತಾರೆ, ನಿಜ. ಅದು ತಂತಿಯ ಮೈಬಿಸಿ, ಕುಲುಮೆಯ ಒಳಬಿಸಿಯಲ್ಲ. ತಾಮ್ರ ಕರಗುವುದು 1085ರಲ್ಲಿ. ಸರಾಗವಾಗಿ ಸುರಿಯಲು ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕು. ಆ ಬಿಸಿ ಮೂಸೆಯ ಗೋಡೆ ದಾಟಿ ಒಳಹೋಗಬೇಕಾದರೆ ತಂತಿ ಇನ್ನೂ ಮೇಲಿರಲೇಬೇಕು. ಅಲ್ಲಿಗೆ ಕೈಯಲ್ಲಿ ಉಳಿಯುವ ಅಂತರ ತೀರಾ ಕಿರಿದು.

ತಂತಿಯನ್ನು ಕಾಯುವುದು ಅದರ ಮೇಲಿನ ತೆಳುವಾದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪದರ. ಕಾದು ತಣಿದಾಗಲೆಲ್ಲ ಅದು ಅಲ್ಲಲ್ಲಿ ಬಿರಿಯುತ್ತದೆ. ಒಳಗಿನ ಅಲ್ಯೂಮಿನಿಯಂ ಹೊರಬಂದು ಬಿರುಕನ್ನು ಮುಚ್ಚುತ್ತದೆ. ಒಳಗಿನ ದಾಸ್ತಾನು ಮುಗಿದ ದಿನ ಕಬ್ಬಿಣವೇ ಉರಿಯತೊಡಗುತ್ತದೆ, ಮತ್ತೆ ಹೆಚ್ಚು ಹೊತ್ತು ಬಾಳುವುದಿಲ್ಲ. ಆದ್ದರಿಂದಲೇ ನಾನು ಯಾವಾಗಲೂ ದಪ್ಪ ತಂತಿಯ ಪಕ್ಷ. ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ವ್ಯಾಟ್ ಕಡಿಮೆ ಇರಬೇಕು. ಕುಲುಮೆ ನಿಧಾನವಾಗಿ ಕಾದರೆ ಕಾಯಲಿ. ಹೊಸ ಎಲಿಮೆಂಟ್ ಹಾಕಿದರೆ ಮೂಸೆ ಇಡದೆ, ಗಾಳಿ ಆಡುವಂತೆ ಬಿಟ್ಟು, 1050 ಡಿಗ್ರಿಯಲ್ಲಿ ಏಳರಿಂದ ಹತ್ತು ಗಂಟೆ ಖಾಲಿ ಕಾಯಿಸುತ್ತೇನೆ. ಹೊಳಪು ಹೋಗಿ ಮಂಕು ಬೂದುಬಣ್ಣ ಬಂದರೆ ಚರ್ಮ ಕೂತಿತು ಎಂದರ್ಥ.

ಈ ಚರ್ಮಕ್ಕೆ ಬಿಸಿಗಿಂತ ದೊಡ್ಡ ಶತ್ರು ಬಿಳಿಗಾರ. ಲೋಹದ ಕೊಳೆ ತೆಗೆಯಲು ಮೂಸೆಗೆ ಹಾಕಿದ ಬಿಳಿಗಾರದ ಒಂದು ಹನಿ ಸಿಡಿದು ತಂತಿಗೆ ತಾಗಿದರೆ ಅಲ್ಲಿ ಗಾಜಿನಂಥ ಕಪ್ಪು ಮಚ್ಚೆ ಏಳುತ್ತದೆ. ಅದರ ಕೆಳಗೆ ತಂತಿ ಸವೆದು ಕತ್ತು ಸಣ್ಣದಾಗುತ್ತದೆ. ಸಣ್ಣದಾದಲ್ಲಿ ಪ್ರತಿರೋಧ ಹೆಚ್ಚು, ಪ್ರತಿರೋಧ ಹೆಚ್ಚಿದಲ್ಲಿ ಬಿಸಿ ಹೆಚ್ಚು. ಮುಚ್ಚಳ ತೆರೆದಾಗ ಉಳಿದ ಸುರುಳಿ ಕಿತ್ತಳೆ ಬಣ್ಣದಲ್ಲಿದ್ದು ಆ ಒಂದು ಬಿಂದು ಹಳದಿಯಾಗಿ ಕಂಡರೆ ಕಡಿಯುವ ಜಾಗ ಅದೇ.

ಅಲ್ಯೂಮಿನಿಯಂ ಮಾತ್ರ ಕರಗಿಸುವವರಿಗೆ 660 ಡಿಗ್ರಿ ದಾಟಿದರೆ ಸಾಕು, ನಿಕ್ಕಲ್, ಕ್ರೋಮಿಯಂ ಬೆರೆತ ನೈಕ್ರೋಮ್ ತಂತಿ ಧಾರಾಳವಾಗಿ ನಡೆಯುತ್ತದೆ. ಅದರ ಮಿತಿ ಕೆಳಗಿದ್ದರೂ ಕಾದು ತಣಿದ ಮೇಲೂ ಬಾಗುವ ಗುಣ ಉಳಿಯುತ್ತದೆ. ಕಬ್ಬಿಣದ ಮಿಶ್ರಲೋಹ ಹಾಗಲ್ಲ: ಒಮ್ಮೆ ಚೆನ್ನಾಗಿ ಕಾದರೆ ಒಳಗಿನ ಹರಳುಗಳು ಬೆಳೆದು, ತಣ್ಣಗಿರುವಾಗ ಇಕ್ಕಳ ಹಾಕಿದರೆ ಪಟ್ಟನೆ ಮುರಿಯುತ್ತದೆ. ಜೋತುಬಿದ್ದ ಸುರುಳಿಯನ್ನು ಸರಿಪಡಿಸುವುದಿದ್ದರೆ ಕೆಂಪಗೆ ಕಾಯಿಸಿ, ವಿದ್ಯುತ್ ಸಂಪರ್ಕ ಪೂರ್ತಿ ತಪ್ಪಿಸಿ, ಕೆಂಪು ಆರುವ ಮೊದಲೇ ಸರಿಪಡಿಸಬೇಕು.

ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದಾಗಿ ಜೋಡಿಸಿದ ಎರಡು ಎಲಿಮೆಂಟ್‌ಗಳಲ್ಲಿ ಒಂದು ಕಡಿದರೆ ಅದನ್ನಷ್ಟೇ ಬದಲಿಸಬಹುದೇ ಎಂದು ಕೇಳುವವರಿದ್ದಾರೆ. ಬದಲಿಸಬಹುದು. ಆದರೆ ಹಳೆಯದರ ಪ್ರತಿರೋಧ ಸವೆತದಿಂದ ಏರಿರುತ್ತದೆ, ಸರಣಿಯಲ್ಲಿ ಹೆಚ್ಚು ಹೊರೆ ಬೀಳುವುದು ಅದರ ಮೇಲೆಯೇ. ನಾನಂತೂ ಎರಡನ್ನೂ ಒಟ್ಟಿಗೆ ಕಿತ್ತು ಹಾಕುತ್ತೇನೆ.